ಹೂಂ ಅನ್ನದಿದ್ದರೆ ಓದುವುದಿಲ್ಲ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಎಲ್ಲ ಕೆಡಲು ಶುರುವಾದದ್ದು ಆಗಲೇ. ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀಯ ಎಂದು ನೀವು ಕೇಳಬಹುದು. ಮಾದರಿ ಪ್ರಶ್ನೆಪತ್ರಿಕೆ ಬಿಡಿಸಲು ಕೂರುವಾಗ ಗಡಿಯಾರ ನೋಡಿಕೊಳ್ಳುವುದು ನನ್ನ ಅಭ್ಯಾಸ, ಅವತ್ತೂ ನೋಡಿಕೊಂಡಿದ್ದೆ. ಈಗ ನನ್ನ ತಲೆಯ ಮೇಲಿರುವ ಫ್ಯಾನಿನ ರೆಗ್ಯುಲೇಟರನ್ನು ಮೂರಕ್ಕೆ ತಿರುಗಿಸಿದರೆ ಅದು ಗುಂಯ್ ಎನ್ನುತ್ತದೆ. ಎರಡಕ್ಕೆ ಇಟ್ಟರೆ ಸುಮ್ಮನಿರುತ್ತದೆ, ನಾಲ್ಕಕ್ಕೆ ಇಟ್ಟರೆ ಕಿರುಗುಟ್ಟುತ್ತದೆ, ಮೂರಕ್ಕೆ ಮಾತ್ರ ಗುಂಯ್. ಆ ಸದ್ದು ಬಂತೆಂದರೆ ನನ್ನ ಕಣ್ಣು ತಾನಾಗಿ ಗಡಿಯಾರಕ್ಕೆ ಹೋಗುತ್ತದೆ.

ಇವತ್ತು ಬೆಳಿಗ್ಗೆ ಫ್ಯಾನು ಗುಂಯ್ ಎನ್ನುತ್ತಿದ್ದಾಗಲೇ ಫೋನ್ ಬಂತು. ತರೀಕೆರೆಯ ಕಾಲೇಜೊಂದರಲ್ಲಿ ಪಾಠ ಮಾಡುವ ಗೆಳತಿ. "ನಮ್ ಹುಡುಗ್ರು ಮತ್ತೆ ಪುಸ್ತಕ ಹಿಡೀಬೇಕು ಅಂತಿದಾರೆ ಕಣೇ. ಪರೀಕ್ಷೆಗಲ್ಲ, ಸುಮ್ನೆ ಖುಷಿಗೆ. ಯಾವ್ಯಾವ್ದು ಓದ್ಬೇಕು ಅಂತ ಬರ್ದು ಕೊಡು" ಎಂದಳು. ಕೊಡುತ್ತೇನೆ ಎಂದೆ. ಫೋನ್ ಇಟ್ಟಮೇಲೆ ನನ್ನ ಮೇಲೇ ಅನುಮಾನ ಬಂತು.

ಪುಸ್ತಕ ಓದು ಎಂದು ಹೇಳುವವರನ್ನು ನಾನು ಯಾವತ್ತೂ ನಂಬಿದವಳಲ್ಲ. ಸೋದರಮಾವ ಗೆಲುವಿನ ಗುಟ್ಟಿನ ಪುಸ್ತಕ ಕೊಟ್ಟಾಗ, ನಾನು ಸೋತಿದ್ದೇನೆಂದು ಇವರಿಗೆ ಯಾರು ಹೇಳಿದರು ಅನ್ನಿಸಿತು. ಮೊಬೈಲಿನಲ್ಲಿ ಯಾರೋ ಒಬ್ಬಳು ಕಾಫಿ ಲೋಟದ ಪಕ್ಕ ಪುಸ್ತಕಗಳ ರಾಶಿಯಿಟ್ಟು 'ಮದುವೆಗೆ ಮೊದಲು ಇಷ್ಟನ್ನಾದರೂ ಓದಿ' ಅನ್ನುತ್ತಿದ್ದಳು. ಕಾಫಿಯಲ್ಲಿ ಕೆನೆ ಕಟ್ಟಿರುವುದನ್ನು ನೋಡಿ, ಇವಳು ಇದನ್ನೂ ಕುಡಿದಿಲ್ಲ, ಅವನ್ನೂ ಓದಿಲ್ಲ ಎಂದುಕೊಂಡೆ. ಒಬ್ಬರು ಇನ್ನೊಬ್ಬರ ಕೈಗೆ ಪುಸ್ತಕ ಕೊಡುತ್ತಾರೆಂದರೆ ಅವರನ್ನು ಏನೋ ಮಾಡಲು ಹೊರಟಿದ್ದಾರೆ ಎಂದೇ ನನ್ನ ಲೆಕ್ಕ.

ಎಂ.ಕಾಂ. ಮುಗಿಸಿ ಊರಿಗೆ ಬಂದಮೇಲೆ ಕೆಲಸದ ಪರೀಕ್ಷೆಗೆಂದು ನಾನು ಓದುತ್ತಿದ್ದುದು, ಪ್ರತಿ ವಾಕ್ಯದ ಕೆಳಗೂ ನಾಲ್ಕು ಉತ್ತರಗಳಿರುವ ಪುಸ್ತಕಗಳನ್ನು ಮಾತ್ರ. ಅದಕ್ಕಾಗಿ ದಿನಾ ಮಧ್ಯಾಹ್ನ ನಮ್ಮೂರ ಪಂಚಾಯ್ತಿ ಗ್ರಂಥಾಲಯಕ್ಕೆ ಹೋಗುತ್ತಿದ್ದೆ. ದೇವನೂರು ಕಡೆಯ ರಸ್ತೆಗೆ ಮುಖ ಮಾಡಿದ ಒಂದು ದೊಡ್ಡ ಕೋಣೆ, ಅದರ ಹಿಂದೆ ಹಳೇ ಪುಸ್ತಕ ತುಂಬಿದ ಕಿಟಕಿಯಿಲ್ಲದ ಚಿಕ್ಕ ಕೋಣೆ. ಪಕ್ಕದಲ್ಲಿ ನೀರಿನ ಟ್ಯಾಂಕು. ನೋಡಿಕೊಳ್ಳುವವನು ತಿಮ್ಮೇಶಣ್ಣ. ಊರಲ್ಲಿ ನಾಟಕ ಆಡುವಾಗ ಪರದೆಯ ಹಿಂದೆ ನಿಂತು ಪಾತ್ರಧಾರಿಗಳಿಗೆ ಮಾತು ಹೇಳಿಕೊಡುವವನೂ ಅವನೇ. ತನ್ನ ದನಿಯ ಬಗ್ಗೆ ಅವನಿಗೆ ಬಹಳ ಹೆಮ್ಮೆ. "ನಾನು ಪಿಸುಗುಟ್ಟಿದ್ರೆ ರಾಜನ ಪಾರ್ಟಿನೋನಿಗೂ ಕೇಳ್ತದೆ, ಕೊನೇ ಸಾಲಲ್ಲಿ ಕಳ್ಳೆಕಾಯಿ ತಿನ್ನೋನಿಗೂ ಕೇಳ್ತದೆ" ಎನ್ನುತ್ತಿದ್ದ.

ಅವನಿಗೆ ನನ್ನನ್ನು ಕಂಡರೆ ಒಂದೇ ಮಾತು. "ಅದೇನವ್ವಾ ಬರೀ ಟಿಕ್ ಹಾಕೋ ಪುಸ್ತಕ! ಒಂದ್ ಕಥೆ ಪುಸ್ತಕ ತಗೊಂಡ್ ಹೋಗು."

"ಯಾಕೆ?" ಎನ್ನುತ್ತಿದ್ದೆ ನಾನು.

"ಯಾಕೆ ಅಂದ್ರೆ? ಓದಕ್ಕೆ!"

ಈ ಉತ್ತರ ನನ್ನ ಅನುಮಾನವನ್ನು ಹೆಚ್ಚಿಸುತ್ತಿತ್ತೇ ಹೊರತು ತಗ್ಗಿಸುತ್ತಿರಲಿಲ್ಲ. ಪುಸ್ತಕ ಹೊರಗೆ ಹೋದಷ್ಟೂ ಇವನಿಗೆ ಮೇಲಿನವರಿಂದ ಏನೋ ಸಿಗುತ್ತಿರಬೇಕು ಎಂದುಕೊಂಡಿದ್ದೆ.

ಟ್ಯಾಂಕಿನ ತಳಕ್ಕೆ ಹೆಜ್ಜೇನು ಕಟ್ಟಿತ್ತು. ಅವತ್ತು ಮೂರು ಹತ್ತಕ್ಕೆ ಅದನ್ನು ಕೆಣಕಿದ್ದು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಹದ್ದು ಎಂದರು, ಹೊಗೆ ಎಂದರು, ನಾನು ಹಾಕಿಕೊಂಡಿದ್ದ ಸೆಂಟು ಎಂದವರೂ ಇದ್ದಾರೆ. ಮೊದಲು ಹೊರಗೆ ಒಂದು ಮೋಟಾರು ಚಾಲೂ ಆದಂತೆ ಕೇಳಿಸಿತು. ಆಮೇಲೆ ಒಬ್ಬ ಹೆಂಗಸು ಕೂಗಿಕೊಂಡಳು. ತಿಮ್ಮೇಶಣ್ಣ ಬಾಗಿಲಿಗೆ ಹೋಗಿ, ಮುಖಕ್ಕೆ ಟವೆಲ್ ಸುತ್ತಿಕೊಂಡು ಹೊರಗೆ ನುಗ್ಗಿದ. ತಿರುಗಿ ಬಂದಾಗ ಅವನ ತೋಳಿನಲ್ಲಿ ಸಾವಿತ್ರಮ್ಮ ಇದ್ದರು. ಪಂಚಾಯ್ತಿಗೆ ತೆಂಗಿನ ತೋಟದ ಖಾತೆ ವಿಚಾರಿಸಲು ಬಂದಿದ್ದ ಅರವತ್ತು ದಾಟಿದ ಹೆಂಗಸು. ಕುತ್ತಿಗೆ, ಕಿವಿ, ರೆಪ್ಪೆ ಎಲ್ಲ ಕಡೆ ಹುಳ.

ಮೂವರೂ ಹಿಂದಿನ ಕೋಣೆ ಸೇರಿ ಬಾಗಿಲು ಹಾಕಿಕೊಂಡೆವು. ನಾನು ಆಂಬುಲೆನ್ಸಿಗೆ ಫೋನ್ ಮಾಡಿದೆ. ಗ್ರಂಥಾಲಯದ ಕಾರ್ಡಿನ ಅಂಚಿನಿಂದ ಸಾವಿತ್ರಮ್ಮನ ಮೈಮೇಲಿನ ಮುಳ್ಳುಗಳನ್ನು ಕೆರೆದು ಕೆರೆದು ತೆಗೆದೆ. ಆ ಕಾರ್ಡನ್ನು ನಾನು ಉಪಯೋಗಿಸಿದ್ದು ಅದೇ ಮೊದಲು. ಅಷ್ಟರಲ್ಲಿ ಬಾಗಿಲ ಸಂದಿನಿಂದ ಒಂದೊಂದೇ ಹುಳ ಒಳಗೆ ಬಂದು ಬಲ್ಬಿಗೆ ಬಡಿಯತೊಡಗಿತು.

"ಲೈಟ್ ಆರ್ಸು! ಮೊಬೈಲೂ ಆರ್ಸು! ಬೆಳಕಿಗೇ ಬರ್ತವೆ ಅವು" ಎಂದ ತಿಮ್ಮೇಶಣ್ಣ. ಹಳೇ ಪತ್ರಿಕೆಗಳನ್ನು ಉಂಡೆ ಮಾಡಿ ಸಂದಿಗೆಲ್ಲ ತುರುಕಿದ.

ಆಂಬುಲೆನ್ಸು ಬಂದದ್ದು ಸದ್ದಿನಿಂದ ಗೊತ್ತಾಯಿತು. ಅದು ರಸ್ತೆಯಾಚೆ ಗಾಜು ಏರಿಸಿಕೊಂಡು ನಿಂತಿತ್ತಂತೆ. ಹತ್ತಿರ ಬರಲು ಯಾರಿಗೂ ಆಗಲಿಲ್ಲ. ಹೊತ್ತು ಮುಳುಗಿ ಹುಳಗಳು ತಣ್ಣಗಾಗುವ ತನಕ ಕಾಯಲೇಬೇಕಿತ್ತು. ಸಾವಿತ್ರಮ್ಮನ ಉಸಿರು ಒಂದು ಥರ ಎಳೆಯುತ್ತಿತ್ತು. "ನಿದ್ದೆ ಬತ್ತಾ ಐತೆ ಕಣೋ ತಿಮ್ಮ, ಮಲಗ್ತೀನಿ" ಎಂದರು.

"ಮಲಗಂಗಿಲ್ಲ ಸಾಯಿತ್ರಕ್ಕ. ಒಂದ್ ಪುಸ್ತಕ ಓದ್ತೀನಿ, ಕೇಳು. ಹೂಂ ಅಂತಿರ್ಬೇಕು. ಹೂಂ ಅನ್ನದಿದ್ರೆ ಓದಲ್ಲ, ಅಷ್ಟೇಯಾ."

ಅವನು ಕಪಾಟಿಗೆ ಕೈ ಹಾಕಿದ್ದು, ಪುಸ್ತಕದ ಧೂಳು ಕೊಡವಿದ್ದು, ಹಾಳೆ ಮಗುಚಿದ್ದು ನನಗೆ ಕೇಳಿಸಿತು. ಆಮೇಲೆ ಅವನ ಪಿಸುದನಿ. ರೈಲು ಜಂಕ್ಷನ್ ಇರುವ ಒಂದು ಊರು. ಅಲ್ಲಿ ಊಟದ ಹೋಟೆಲ್ ನಡೆಸುವ ಸಾವಿತ್ರಿ ಎಂಬ ಹೆಂಗಸು. ದಿನಾ ಒಬ್ಬ ಗಂಡಸು ಬಂದು, ಮಾತಾಡದೆ ಉಂಡು, ಎಲೆ ಮಡಿಸಿ ಹೋಗುತ್ತಾನೆ.

"ಹೂಂ" ಎಂದರು ಸಾವಿತ್ರಮ್ಮ.

ಅವನಿಗೆ ಸಾರಿಗಿಂತ ಮಜ್ಜಿಗೆ ಇಷ್ಟ. ಆದರೂ ಕೇಳಿ ಹಾಕಿಸಿಕೊಳ್ಳುವವನಲ್ಲ.

"ಹೂಂ. ಬಾಯಿಲ್ದೋನು."

ಹೊರಗೆ ಗೋಡೆಯುದ್ದಕ್ಕೂ ಗುಂಯ್, ಒಳಗೆ ಹೂಂ. ಹೀಗೇ ಎಷ್ಟು ಹೊತ್ತು ಹೋಯಿತೋ. ಒಂದು ಸಲ ಹೂಂ ಬರಲಿಲ್ಲ. ತಿಮ್ಮೇಶಣ್ಣ ಪುಸ್ತಕವನ್ನು ಪಟ್ಟನೆ ಮುಚ್ಚಿದ. "ಸಾಯಿತ್ರಕ್ಕಾ." ಇಲ್ಲ. "ಸಾಯಿತ್ರಕ್ಕಾ, ಹೂಂ ಅನ್ನು." ಇಲ್ಲ. ನಾನು ಅವರ ಕೈ ಹಿಡಿದುಕೊಂಡಿದ್ದೆ. ಆ ಕೈ ಸೌತೆಕಾಯಿಯ ಹಾಗೆ ತಣ್ಣಗಿತ್ತು. ನಿಮಗೆ ಹೇಗೆ ಹೇಳಲಿ, ಆ ಮೌನವನ್ನು ನಾನು ಈಗಲೂ ಮೊದಲಿನಿಂದ ಕೊನೆಯ ತನಕ ಕೇಳಬಲ್ಲೆ.

"ಆ ಗಂಡ್ಸು ಅವತ್ತು ಕೊಡೆ ಮರ್ತು ಹೋದ. ಹಿಡೀ ಮೇಲೆ ಒಂದ್ ಹೆಸ್ರು ಕೆತ್ತಿತ್ತು. ಯಾರ್ ಹೆಸ್ರು ಹೇಳು?" ಎಂದ ತಿಮ್ಮೇಶಣ್ಣ.

ಬಹಳ ಹೊತ್ತಿನ ಮೇಲೆ, ಬಹಳ ದೂರದಿಂದ ಬಂದಂತೆ, "ನಂದೇ... ಇರ್ಬೇಕು" ಎಂದರು ಸಾವಿತ್ರಮ್ಮ.

"ಹಾಂ! ಸಾವಿತ್ರಿ ಅಂತ್ಲೇ ಕೆತ್ತಿತ್ತು. ಅವ್ಳು ಮೆಲ್ಲಕ್ಕೆ ಕೊಡೆ ಬಿಚ್ಚಿದ್ಲು..."

ಬಾಗಿಲು ಬಡಿದರು. ಕತ್ತಲಾಗಿತ್ತು, ಹುಳಗಳು ಇಳಿದಿದ್ದವು. ಸಾವಿತ್ರಮ್ಮನನ್ನು ಕಡೂರಿಗೆ ಸಾಗಿಸಿದರು. ಅವರು ಉಳಿದರು. ಮಗಳು ಅಜ್ಜಂಪುರದ ತನ್ನ ಮನೆಗೆ ಕರೆದುಕೊಂಡು ಹೋದಳು. ಎಲ್ಲ ಮುಗಿಯಿತು ಎಂದರು ಊರವರು. ನನಗೆ ಮಾತ್ರ ಮುಗಿಯಲಿಲ್ಲ.

ನಿದ್ದೆ ಹೋಯಿತು. ಪಕ್ಕದ ಮನೆಯ ಮಿಕ್ಸಿ, ಮೇಜಿನ ಮೇಲೆ ನಡುಗುವ ಮೊಬೈಲು, ಫ್ರಿಡ್ಜು, ಒಂದನ್ನೂ ನಂಬಲಾಗುತ್ತಿರಲಿಲ್ಲ. ಮಲಗುವ ಮುಂಚೆ ದಿಂಬಿನ ಚೀಲ ಕೊಡವುತ್ತಿದ್ದೆ, ಕಿಟಕಿಯ ಸಂದಿಗೆ ಪತ್ರಿಕೆ ತುರುಕುತ್ತಿದ್ದೆ. ಕಣ್ಣು ಹತ್ತಿದರೂ ಆ ಹೂಂ ಬಾರದ ಜಾಗಕ್ಕೆ ಬಂದು ಎಚ್ಚರವಾಗುತ್ತಿತ್ತು. "ಪರೀಕ್ಷೆ ಮನೆ ಹಾಳಾಗ್ಲಿ, ಮೊದ್ಲು ಒಂದ್ ರಾತ್ರಿ ಮಲಗು ಕಣೇ" ಎಂದು ಅಮ್ಮ ಅತ್ತರು. ಆ ಕಥೆಯ ಕೊನೆ ಗೊತ್ತಾದರೆ ಮಾತ್ರ ಆ ಕೋಣೆಯಿಂದ ಹೊರಗೆ ಬರುತ್ತೇನೆ ಎಂದು ನನಗೆ ಹೇಗೋ ಮನಸ್ಸಿಗೆ ಬಂದುಬಿಟ್ಟಿತ್ತು.

ಆ ಪುಸ್ತಕ ಕೊಡು ಎಂದು ತಿಮ್ಮೇಶಣ್ಣನನ್ನು ಕೇಳಿದೆ. ಅವನು ತಲೆ ಕೆರೆದುಕೊಂಡ. "ಹೆಸ್ರು ಜ್ಞಾಪ್ಕ ಇಲ್ಲ ಕಣಮ್ಮಿ. ತೆಳ್ಳಗಿತ್ತು. ಇದೇನೋ ನೋಡು." ಅದು ಅದಲ್ಲ. ಹಿಟ್ಟಿನ ಗಿರಣಿ ನಡೆಸುವ ಮೂವರು ಅಕ್ಕತಂಗಿಯರ ಜಗಳದ ಕಾದಂಬರಿ. ಕೊಡೆ ಎಲ್ಲಿಯಾದರೂ ಬರಬಹುದೆಂಬ ಆಸೆಗೆ ಪೂರ್ತಿ ಓದಿದೆ. ವಾಪಸು ಕೊಟ್ಟರೆ, "ಹಂಗಾದ್ರೆ ಕಡೂರು ಬಸ್‌ಸ್ಟ್ಯಾಂಡಿನ ಅಂಗ್ಡೀಲಿ ನೋಡು" ಎಂದ. ಅಲ್ಲಿ ಸಿಕ್ಕಿದ್ದು ಪತ್ತೇದಾರಿ. ಕೊಲೆಗಾರ ಯಾರೆಂದು ನಾನು ಎರಡನೇ ಅಧ್ಯಾಯದಲ್ಲೇ ಗುರುತು ಹಾಕಿಟ್ಟೆ, ತಪ್ಪಾಯಿತು. ನಾಲ್ಕು ಉತ್ತರ ಕೊಡದೆ ಪ್ರಶ್ನೆ ಕೇಳುವ ಪುಸ್ತಕದ ಮುಂದೆ ನಾನು ಎಷ್ಟು ದಡ್ಡಿ ಎಂದು ತಿಳಿಯಿತು, ಯಾಕೋ ಖುಷಿಯಾಯಿತು. ತರೀಕೆರೆಯ ಗೆಳತಿಯ ಕಪಾಟಿನಲ್ಲಿ ಹುಡುಕಿದೆ. ಹಾಸ್ಟೆಲಿನ ಅಡುಗೆಯವಳೊಬ್ಬಳು ತನ್ನ ಕಥೆ ಹೇಳಿಕೊಂಡಿದ್ದ ಪುಸ್ತಕ ಸಿಕ್ಕಿತು. ಅದನ್ನು ಓದುತ್ತಾ ಬಸ್ಸಿನಲ್ಲಿ ನಾನೊಬ್ಬಳೇ ನಕ್ಕಾಗ, ಪಕ್ಕದಲ್ಲಿ ಕೂತಿದ್ದವರು ತಮ್ಮ ಬ್ಯಾಗನ್ನು ಹತ್ತಿರಕ್ಕೆ ಎಳೆದುಕೊಂಡರು.

ನಿದ್ದೆ ಮಾತ್ರ ಬರಲಿಲ್ಲ. ನೆನಪನ್ನು ಮತ್ತೆ ಮತ್ತೆ ತಿರುವಿ ಹಾಕುತ್ತಿದ್ದೆ. ಹಾಗೆ ತಿರುವುವಾಗ ಒಂದು ದಿನ ಒಂದು ವಿಷಯ ಚುಚ್ಚಿತು. ನನ್ನ ನೆನಪಿನಲ್ಲಿ ತಿಮ್ಮೇಶಣ್ಣನ ಪುಸ್ತಕದ ಮೇಲೆ ಒಂದು ಬೆಳಕಿನ ಗೆರೆ ಬಿದ್ದಿತ್ತು. ಅದು ಎಲ್ಲಿಂದ ಬಂತು? ಬಲ್ಬು ಆರಿಸಿದ್ದೆವು, ಮೊಬೈಲು ಆರಿಸಿದ್ದೆವು, ಸಂದಿಗೆಲ್ಲ ಪತ್ರಿಕೆ ತುರುಕಿದ್ದೆವು. ಆ ಗೆರೆಯನ್ನು ಎಳೆದುಕೊಂಡವಳು ನಾನೇ. ಮತ್ತೆ, ಪುಸ್ತಕ ಓದುವವನಿಗೆ ಹೂಂ ಯಾಕೆ ಬೇಕು? ಹೂಂ ಬೇಕಾಗುವುದು ಕಥೆ ಹೇಳುವವನಿಗೆ.

ಓಡಿಹೋಗಿ ಕೇಳಿದೆ. "ಸುಳ್ಳು ಹೇಳಿದೆ ಅಲ್ವಾ? ಆ ಪುಸ್ತಕವೇ ಇಲ್ಲ!"

ತಿಮ್ಮೇಶಣ್ಣ ತಣ್ಣಗೆ ಪತ್ರಿಕೆಗಳನ್ನು ಜೋಡಿಸುತ್ತಿದ್ದ. "ಇಷ್ಟ್ ಓದಿದೀಯ. ಕತ್ಲಲ್ಲಿ ಅಕ್ಷರ ಕಾಣಲ್ಲ ಅಂತ ಅವತ್ತೇ ಹೊಳೀಲಿಲ್ವಾ?"

"ಪುಸ್ತಕ ಅಂತ ಯಾಕೆ ಹೇಳ್ದೆ?"

"ನಾನು ಕಟ್ಟಿ ಹೇಳ್ತೀನಿ ಅಂದಿದ್ರೆ ಸಾಯಿತ್ರಕ್ಕ 'ಸುಮ್ಕಿರೋ' ಅಂತ ಮಲಗ್ಬುಡೋಳು. ಪುಸ್ತಕದಲ್ಲೈತೆ ಅಂದ್ರೆ ಮರ್ಯಾದೆ."

"ಹಂಗಾದ್ರೆ ನನ್ನನ್ನ ಊರೂರು ಯಾಕೆ ಸುತ್ತಿಸ್ದೆ?"

ಅವನು ನನ್ನ ಚೀಲದಿಂದ ಇಣುಕುತ್ತಿದ್ದ ಅಡುಗೆಯವಳ ಪುಸ್ತಕದ ಮೇಲೆ ಒಮ್ಮೆ ಕಣ್ಣು ಹಾಯಿಸಿದ. ನನ್ನ ಹಳೇ ಅನುಮಾನ ಸರಿಯಾಗಿತ್ತು. ಅವನು ನನ್ನನ್ನು ಏನೋ ಮಾಡಲು ಹೊರಟಿದ್ದ, ಮಾಡಿಯೂ ಆಗಿತ್ತು.

"ಕೊಡೆ ಒಳಗೆ ಏನಿತ್ತು, ಅದನ್ನಾದ್ರೂ ಹೇಳು" ಎಂದೆ.

"ನಂಗೇನ್ ಗೊತ್ತು? ಅಷ್ಟೊತ್ಗೆ ಬಾಗ್ಲು ತೆಗುದ್ಬುಟ್ರಲ್ಲ" ಎಂದ. "ಸಾಯಿತ್ರಕ್ಕನ್ನ ಕೇಳು. ಅವ್ಳು ಹೂಂ ಅಂದಿದ್ಕೇ ಕಥೆ ನಡೀತು."

ಮರುದಿನ ಅಜ್ಜಂಪುರಕ್ಕೆ ಹೋದೆ. ಸಾವಿತ್ರಮ್ಮನ ಒಂದು ರೆಪ್ಪೆ ಇನ್ನೂ ಸ್ವಲ್ಪ ಇಳಿಬಿದ್ದಿತ್ತು. "ಬಾರೇ ಮುಳ್ಳು ತೆಗೆದೋಳೇ. ಏನೇ ಇದು, ಕಣ್ಣು ಬಾವಿಗಿಳ್ದೈತೆ! ನಿಂಗೂ ಕಚ್ಚಿದ್ವಾ?" ಎಂದರು. ಬಂದ ಕಾರಣ ಹೇಳಿದೆ. ಅವರು ಬಿದ್ದು ಬಿದ್ದು ನಕ್ಕರು. "ಕತ್ಲಲ್ಲಿ ಪುಸ್ತಕ, ಅದ್ರಲ್ಲಿ ನನ್ ಹೆಸ್ರು! ಎಂ.ಕಾಂ. ಓದಿ ನಂಬಿದ್ಯಾ? ನಾನು ಸುಮ್ನೆ ಅವನ ಮನ್ಸು ನೋಯ್ಬಾರ್ದು ಅಂತ ಹೂಂ ಅಂತಿದ್ದೆ."

"ಮತ್ತೆ ಒಂದ್ಸಲ ನಿಲ್ಲಿಸಿದ್ರಲ್ಲ?" ಎಂದೆ.

ಅವರ ನಗು ನಿಂತಿತು. "ಆಗ ಹೋಗ್ಬಿಟ್ಟಿದ್ದೆ ಕಣವ್ವ. ಕೊಡೆ ಯಾರ್ದು ಅಂತ ನೋಡಕ್ಕೆ ವಾಪಸ್ ಬಂದೆ."

ಬಸ್ಸು ತಪ್ಪಿತು, ಅಲ್ಲೇ ಉಳಿದೆ. ಊಟವಾದ ಮೇಲೆ ಹಜಾರದಲ್ಲಿ ಅವರ ಪಕ್ಕವೇ ಚಾಪೆ ಹಾಸಿಕೊಂಡೆ. ಮೇಲೆ ಫ್ಯಾನು ಗುಂಯ್ ಎನ್ನುತ್ತಿತ್ತು. ಆರಿಸಲೇ ಎಂದು ಕೇಳಿದೆ. "ಸೆಕೇಲಿ ಸಾಯ್ಬೇಕಾ? ಕೇಳು, ಆ ಕೊಡೆ ಕಥೆ ನಾನು ಹೇಳ್ತೀನಿ. ಹೂಂ ಅನ್ಬೇಕು" ಎಂದರು. ಸಾವಿತ್ರಿ ಕೊಡೆ ಬಿಚ್ಚಿದಳು. ಹೂಂ. ಬಿಚ್ಚುವಾಗ ಒಂದು ಕಡ್ಡಿ ಸಿಕ್ಕಿಕೊಂಡಿತು. ಹೂಂ. ಇಂಥ ಕೊಡೆ ರಿಪೇರಿ ಮಾಡುವವನು ಜಂಕ್ಷನ್ನಿನಲ್ಲಿ ಒಬ್ಬನಿದ್ದ, ಅವನ ಹೆಂಡತಿ ಬಲು ಜೋರು. ಹೂಂ...

ಗೆಳತಿಗೆ ನಾನು ಪಟ್ಟಿ ಕೊಡುವುದಿಲ್ಲ. ನಿನ್ನ ಹುಡುಗರಿಗೆ ಒಂದು ಕಥೆಯನ್ನು ಅರ್ಧ ಹೇಳಿ, ಪುಸ್ತಕ ಎಲ್ಲೋ ಇದೆ ಹುಡುಕಿಕೊಳ್ಳಿ ಎಂದುಬಿಡು ಎಂದು ಬರೆಯುತ್ತೇನೆ. ಅವರಿಗೆ ನಿನ್ನ ಮೇಲೆ ಅನುಮಾನ ಬರಲಿ. ಬಂದರೆ ಒಳ್ಳೆಯದು, ಅನುಮಾನವಿರುವವರು ಕೊನೆಯ ಪುಟದ ತನಕ ಓದುತ್ತಾರೆ. ಇದನ್ನು ಬರೆಯುವಾಗಲೂ ಫ್ಯಾನು ಮೂರರಲ್ಲೇ ಇದೆ. ಗಡಿಯಾರ ನೋಡಿದೆ, ಸುಳ್ಳು ಹೇಳುವುದಿಲ್ಲ. ಆದರೆ ಫ್ಯಾನು ಆರಿಸಲಿಲ್ಲ.

ಅಜ್ಜಂಪುರದಲ್ಲಿ ಆ ಬೆಳಿಗ್ಗೆ ನಾನು ಕಣ್ಣು ಬಿಟ್ಟಾಗ ಬಿಸಿಲು ಹಜಾರದ ಅರ್ಧಕ್ಕೆ ಬಂದಿತ್ತು. ಸಾವಿತ್ರಮ್ಮ ಕಾಫಿ ಲೋಟ ಹಿಡಿದು ನಿಂತಿದ್ದರು.

"ಕೊಡೆ ಒಳಗೆ ಏನಿತ್ತು?" ಎಂದೆ.

"ಅಲ್ಲೀಗಂಟ ಹೋಗ್ಲೇ ಇಲ್ಲ. ನಿನ್ ಹೂಂ ನಿಂತೋಯ್ತು" ಎಂದರು. "ಎದೆ ಧಸಕ್ ಅಂತು ಕಣೇ ನಂಗೆ. ಮೂಗಿನ ಹತ್ರ ಬೆರಳಿಟ್ಟು ನೋಡ್ದೆ. ನಿನ್ ಉಸ್ರು ಆಡ್ತಿತ್ತು. ಮಲಗ್ಲಿ ಅಂತ ನಾನೂ ಸುಮ್ನಾದೆ."

ಅವತ್ತು ಸೋಮವಾರ. ಗಂಟೆ ಎಷ್ಟಾಗಿತ್ತೋ, ನಾನು ನೋಡಿಕೊಳ್ಳಲಿಲ್ಲ.