ಸರಿದ ಹಳ್ಳಗಳನ್ನು ಮೊದಲು ಕಂಡವಳು

ಜುಬೇದಾ, ಮರುಭೂಮಿಯಲ್ಲಿ ನೆಲ ಸೀಳಿ ಸರಿದ ಆ ಗೆರೆಯನ್ನು — ಎಲ್ಲರೂ ನನ್ನದೆಂದು ಹೊಗಳುವ ಆ ಸ್ತರಭಂಗವನ್ನು — ಮೊದಲು ಕಂಡವಳು ನಾನಲ್ಲ, ನೀನು. ಸುಳ್ಳು ಹೇಳಿ ಅದನ್ನು ನಿನ್ನಿಂದ ಕಿತ್ತುಕೊಂಡೆ.

ಇಪ್ಪತ್ತು ವರ್ಷದ ಹಿಂದೆ, ಧಾರವಾಡದಲ್ಲಿ ನಾವಿಬ್ಬರೂ ಭೂಗೋಳದ ಎಂ.ಎ. ಓದುತ್ತಿದ್ದಾಗಿನ ಮಾತು. ರಾಜಸ್ಥಾನದ ಆ ಉಪಗ್ರಹ ಚಿತ್ರದ ಮುಂದೆ ಮೂರು ತಿಂಗಳು ಕೂತಿದ್ದೆ. ಒಂದೊಂದು ಮರಳುದಿಬ್ಬವನ್ನೂ ಅಳೆದಿದ್ದೆ. ನೀನು ಸವಣೂರಿನ ಖಾರಾ ತಿನ್ನುತ್ತ ಬಂದು ಪಕ್ಕದಲ್ಲಿ ನಿಂತೆ — ಒಂದೇ ಒಂದು ನೋಟ.

“ಗಿರಿಜಾ, ಇಲ್ಲೆ ನೋಡ. ಒಣಾ ಹಳ್ಳ ಎಲ್ಲಾ ಈ ಗೆರಿಗೆ ಬಂದ ಕೂಡ್ಲೆ ಬಲಕ್ಕ ಸರದಾವು. ನೆಲಾನ ಸರದೈತಿ ಇಲ್ಲೆ!”

ಹೌದಿತ್ತು. ನನಗೇಕೆ ಕಾಣಲಿಲ್ಲ? ರ‍್ಯಾಂಕ್ ನನ್ನದು, ಮೂರು ತಿಂಗಳ ದುಡಿಮೆ ನನ್ನದು, ಕಣ್ಣು ಮಾತ್ರ ನಿನ್ನದು. ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ.

“ಅದು ಎರಡ ಚಿತ್ರ ಜೋಡಿಸಿದ ಗೆರಿ. ಬರದು ನಗಿಪಾಟ್ಲಾಗಬ್ಯಾಡ,” ಎಂದೆ.

ಅದು ಒಂದೇ ಚಿತ್ರವೆಂದು ನನಗೆ ಗೊತ್ತಿತ್ತು. ನೀನು ನಂಬಿದೆ, ಬಿಟ್ಟುಬಿಟ್ಟೆ. ಮದುವೆಯಾಗಿ ನೀನು ಓದು ನಿಲ್ಲಿಸಿದ ಮೇಲೆ ಅದನ್ನೇ ನನ್ನ ಪಿಎಚ್‌.ಡಿ. ಪ್ರಬಂಧ ಮಾಡಿಕೊಂಡೆ. ಶಿಗ್ಗಾಂವದ ಕಾಲೇಜಿನ ಈ ನೌಕರಿ ಬಂದದ್ದೂ ಅದರಿಂದಲೇ. ಹೊಗಳಿದವರ ಎದುರು ಒಮ್ಮೆಯಾದರೂ ನಿನ್ನ ಹೆಸರು — ಇಲ್ಲ, ಎತ್ತಲಿಲ್ಲ.

ಹೋದ ವಾರ ಮಗಳನ್ನು ಸೇರಿಸಲು ನೀನು ನಮ್ಮ ಕಾಲೇಜಿಗೇ ಬಂದೆ. ನನ್ನ ಪ್ರಬಂಧ ಓದಿದ್ದೀಯಂತೆ. ಸಿಕ್ಕಿಬಿದ್ದೆ ಎಂದುಕೊಂಡೆ. ಆದರೆ ನೀನು ಮಗಳ ಕಡೆ ತಿರುಗಿ ಹೇಳಿದ್ದೇ ಬೇರೆ.

“ಆವತ್ತ ಇಬ್ಬರೂ ಅದನ್ನ ಜೋಡಿಸಿದ ಗೆರಿ ಅಂತ ತಿಳಕೊಂಡಿದ್ವಿ. ನಾ ಬಿಟ್ಟಬಿಟ್ಟೆ, ಇವರು ಬಿಡಲಿಲ್ಲ. ಹಿಂಗ ಓದಬೇಕು ನೋಡ.”

ಹುಡುಗಿ ನನ್ನನ್ನು ಕಣ್ಣರಳಿಸಿ ನೋಡಿದಳು. ಆಗಲೂ ನಾನು ಬಾಯಿ ಬಿಡಲಿಲ್ಲ. ನಾಚಿಕೆ ಆಮೇಲೆ ಬಂತು, ಜುಬೇದಾ. ಮೊದಲು ಬಂದದ್ದು ಮತ್ತದೇ ಹೊಟ್ಟೆಕಿಚ್ಚು — ಗೆಳತಿಯ ಬಗ್ಗೆ ಕೆಟ್ಟದ್ದು ಎಣಿಸಲೇ ತಿಳಿಯದ ನಿನ್ನ ಮನಸ್ಸು ಕೂಡ ನನಗಿಲ್ಲವಲ್ಲ ಎಂದು.

ನಿನ್ನೆ ವಿಶ್ವವಿದ್ಯಾಲಯಕ್ಕೆ ಎಲ್ಲವನ್ನೂ ಬರೆದು ಕಳಿಸಿದ್ದೇನೆ. ಪದವಿ, ನೌಕರಿ — ಏನಾಗುತ್ತದೋ ಗೊತ್ತಿಲ್ಲ. ನಾಳೆ ಸವಣೂರಿನ ಬಸ್ಸು ಹತ್ತಿ ನಿಮ್ಮ ಮನೆಗೆ ಬರುತ್ತೇನೆ. ಕ್ಷಮಿಸೆಂದು ಕೇಳುವುದಿಲ್ಲ. ಇದಿಷ್ಟನ್ನೂ ನಿನ್ನ ಮಗಳ ಎದುರು ಹೇಳಬೇಕು. ಅವಳ ತಾಯಿ ಏನನ್ನು ಕಂಡಿದ್ದಳೆಂದು ಆ ಹುಡುಗಿಗೆ ತಿಳಿಯಬೇಕು.