ಮೂಡಲಗಿಯಲ್ಲಿ ಮುರಗಿ ಹೊಲಿಗೆ ಗೆದ್ದು ತಂದದ್ದು

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಹುಕ್ಕೇರಿ ಬಿಟ್ಟೆ. ಮೋಟಾರಿನವನು ಗೋಕಾಕಕ್ಕೆ ಎಂಟಾಣೆ ಕೇಳಿದ. ಚೌಕಾಶಿ ಮಾಡಿ ಆರಾಣೆಗೆ ಇಳಿಸಿ, ಮುಂದಿನ ಸೀಟನ್ನೇ ಹಿಡಿದೆ. ಹೋಗುವವರು ನೆನಪಿಡಿ: ಗಾಲಿಯ ಮೇಲಿನ ಸೀಟು ಪುಕ್ಕಟೆ ಕೊಟ್ಟರೂ ಬೇಡ.

ನನ್ನ ಕಸುಬು ಕುಪ್ಪಸ ಹೊಲಿಯುವುದು. ನಮ್ಮೂರ ಶೆಟ್ಟರ ಮಗಳ ಮದುವೆಯ ಕಪ್ಪು ಚಂದ್ರಕಾಳಿ ಸೀರೆಗೆ ಅಂಚಿನ ಕಸೂತಿ ಹಾಕಿಕೊಡಲು ಧೈರ್ಯವಾಗಿ ಒಪ್ಪಿಬಿಟ್ಟಿದ್ದೆ. ಅದಕ್ಕೆ ಮುರಗಿ ಹೊಲಿಗೆ ಬೇಕು. ಮೆಟ್ಟಿಲಿನಂತೆ ಏರಿಳಿಯುತ್ತ ಹೋಗುವ ಈ ಹೊಲಿಗೆ ಬಟ್ಟೆಯ ಎರಡೂ ಬದಿಗೆ ಒಂದೇ ತೆರನಾಗಿ ಕಾಣಬೇಕು. ನನ್ನದು ಮೇಲೆ ಚೆಂದ, ಹಿಂದೆ ಬರೀ ಗಂಟು. ಶೆಟ್ಟರ ಹೆಂಡತಿ ನೋಡಿ, "ಸೋಮಾರದೊಳಗ ಚೊಲೋ ಮಾದರಿ ತೋರಸವಾ, ಇಲ್ಲಂದ್ರ ಸೀರಿ ಧಾರವಾಡಕ್ಕ ಕಳಸ್ತೀನಿ" ಎಂದಿದ್ದರು. ಆ ಸೀರೆ ಕೈಬಿಟ್ಟರೆ ಊರ ದೊಡ್ಡ ಮನೆಗಳ ಕೆಲಸವೆಲ್ಲ ಅದರ ಹಿಂದೆಯೇ ಹೋಗುತ್ತಿತ್ತು.

ಗೋಕಾಕದಲ್ಲಿ ರೇಷ್ಮೆ ಎಳೆ ಕೊಂಡೆ. ಅಂಗಡಿಯಲ್ಲೇ ಎಳೆ ಒದ್ದೆ ಮಾಡಿ ಬಿಳಿ ಬಟ್ಟೆಗೆ ಉಜ್ಜಿ ನೋಡಬೇಕು; ಬಣ್ಣ ಬಿಟ್ಟರೆ ಎದ್ದು ಬರಬೇಕು. ಅಲ್ಲಿಂದ ಎತ್ತಿನ ಬಂಡಿ. ಬಿಸಿಲು ಸುಡುತ್ತಿತ್ತು. ಮಸಗುಪ್ಪಿಯಲ್ಲಿ ರೊಟ್ಟಿ, ಪುಂಡಿಪಲ್ಲೆ ತಿಂದು ಸಂಜೆಗೆ ಮೂಡಲಗಿ ಸೇರಿದೆ.

ಅಲ್ಲಿಯ ನೀಲವ್ವನ ಮುರಗಿಯ ಹೆಸರು ನಮ್ಮೂರ ತನಕ ಇತ್ತು. ಮುದುಕಿ ನನ್ನ ಮಾದರಿಯ ಮೇಲ್ಬದಿ ನೋಡಲೇ ಇಲ್ಲ. ಹಿಂದೆ ತಿರುವಿ, ಗಂಟನ್ನು ಕತ್ತರಿಸಿ ಎಳೆದಳು. ಇಡೀ ಸಾಲು ಬಿಚ್ಚಿಬಂತು.

"ಗಂಟ ಹಾಕಿ ಹೊಲ್ಯಾಕ ಇದೇನ ಜ್ವಾಳದ ಚೀಲ ಏನವಾ?"

"ಅದಕ್ಕ ಕಲ್ಯಾಕ ಬಂದೇನ್ರಿ."

"ನಾ ಕಲಸೂದು ಸೊಸ್ಯಾರಿಗಷ್ಟ. ನನಗ ಇನ್ನೊಬ್ಬ ಮಗಾ ಇಲ್ಲ."

ಇಂಥ ಕಡೆ ರೊಕ್ಕದ ಮಾತು ತೆಗೆಯಬಾರದು; ಕೈಕೆಲಸಕ್ಕೆ ಕೈಕೆಲಸವನ್ನೇ ಒಡ್ಡಬೇಕು. ಅವಳ ಸೊಸೆ ಶಾಂತವ್ವ ಆಗಿನಿಂದ ನನ್ನ ಕುಪ್ಪಸದ ಬುಗ್ಗೆಯಂತೆ ಉಬ್ಬಿದ ಪುಗ್ಗಾ ತೋಳನ್ನೇ ನೋಡುತ್ತಿದ್ದಳು.

"ಈ ತೋಳು ಕತ್ತರಸೂದು ನಿಮ್ಮ ಸೊಸಿಗಿ ನಾ ಕಲಸ್ತೀನ್ರಿ" ಎಂದೆ.

"ಹ್ಞೂಂ ಅನ್ರಿ ಅತ್ತಿ" ಎಂದು ಶಾಂತವ್ವ ಚಾಪೆ ಹಾಸಿಯೇ ಬಿಟ್ಟಳು.

"ಕೇಳಾಕ ನಾ ಯಾಕ ಬೇಕು, ಚಾಪಿ ಹಾಸಿದ ಮ್ಯಾಲ?" ಎಂದು ಮುದುಕಿ ನಕ್ಕಳು.

ರಾತ್ರಿ ಶಾಂತವ್ವನಿಗೆ ತೋಳು ಕತ್ತರಿಸುವುದನ್ನು ಕಲಿಸಿ, ಶನಿವಾರವಿಡೀ ನೀಲವ್ವನ ಮುಂದೆ ಕೂತೆ. ಬಟ್ಟೆಯ ಮೇಲೆ ಗೆರೆ ಬರೆಯುವಂತಿಲ್ಲ. ಬಟ್ಟೆಯ ಎಳೆ ಎಣಿಸಬೇಕು. ಹೋಗುವಾಗ ಒಂದು ಬಿಟ್ಟು ಒಂದು ಹೊಲಿದು, ಬರುವಾಗ ಬಿಟ್ಟ ಜಾಗ ತುಂಬಬೇಕು. ದಾರದ ಮೊದಲ ತುದಿಯನ್ನು ಬರುವ ಹೊಲಿಗೆಯ ಅಡಿಯಲ್ಲೇ ಅಡಗಿಸಬೇಕು. ರೂಢಿಬಿದ್ದ ನನ್ನ ಕೈ ಮತ್ತೆ ಮತ್ತೆ ಗಂಟು ಹಾಕಿತು. ನೀಲವ್ವ ಮತ್ತೆ ಮತ್ತೆ ಕತ್ತರಿಸಿದಳು. ರವಿವಾರ ಮುಂಜಾನೆ ಅವಳು ಕಣ್ಣು ಮುಚ್ಚಿ ನಾನು ಹೊಲಿದ ಬಟ್ಟೆಪಟ್ಟಿಯ ಹಿಂಬದಿಯ ಮೇಲೆ ಹೆಬ್ಬೆರಳು ಸರಿಸಿದಳು.

"ಕೈಗಿ ಏನೂ ಹತ್ತವಲ್ದು. ಹೋಗವಾ, ಗೆದ್ದಿ."

ಗೋಕಾಕದಲ್ಲಿ ರಾತ್ರಿ ಕಳೆದು, ಸೋಮವಾರ ಮಧ್ಯಾಹ್ನ ಹುಕ್ಕೇರಿಯಲ್ಲಿ ಇಳಿದವಳು ಮನೆಗೂ ಹೋಗದೆ ಶೆಟ್ಟರ ಪಡಸಾಲೆಗೆ ನಡೆದೆ. ಶೆಟ್ಟರ ಹೆಂಡತಿ ಪಟ್ಟಿಯನ್ನು ನಾಲ್ಕು ಸಲ ತಿರುವಿದರು.

"ಇದ್ರಾಗ ಮ್ಯಾಲಿನ ಬಾಜೂ ಯಾವುದವಾ?"

"ನೀವ ಹೇಳ್ರಿ" ಎಂದೆ.

ಅವರು ಒಂದು ಬದಿ ತೋರಿಸಿದರು. ಪಕ್ಕದಲ್ಲೇ ಕೂತಿದ್ದ ಅವರ ನಾದಿನಿ ಬಾಗಿ ನೋಡಿ ಇನ್ನೊಂದನ್ನು ತೋರಿಸಿದಳು. ಇಬ್ಬರೂ ಮುಖ ಮುಖ ನೋಡಿಕೊಂಡರು. ಒಳಗೆ ಹೋದ ಶೆಟ್ಟರ ಹೆಂಡತಿ ಚಂದ್ರಕಾಳಿಯನ್ನು ತಂದು ನನ್ನ ಮಡಿಲಿಗಿಟ್ಟರು. ಅದರ ಮೇಲೆ ನಾದಿನಿಯೂ ತನ್ನದೊಂದು ಸೀರೆ ಇಟ್ಟಳು.