ಕೈಗುಣದ ಸದ್ದು

ನೆಲದೊಳಗೆ ಪೈಪು ಸೋರುವ ಸದ್ದು ಹಿಡಿಯಬೇಕಾದ ಯಂತ್ರಕ್ಕೆ ಬೆಂಗಳೂರಿನಲ್ಲಿ ಕೇಳಿಸಿದ್ದು ಬಸ್ಸು, ಲಾರಿ ಮಾತ್ರ. ಗದ್ದಲವಿಲ್ಲದ ಊರಲ್ಲಿ ಪರೀಕ್ಷಿಸೋಣವೆಂದು ನಮ್ಮ ಸಂಶೋಧನಾ ತಂಡ ಅದನ್ನು ನನ್ನ ಹೆಗಲಿಗೇರಿಸಿ ಚಳ್ಳಕೆರೆಗೆ ಕಳಿಸಿತು.

ಒಂದು ಮನೆಯ ಮುಂದೆ, ಕಾಯಿ ಜೋತಾಡುತ್ತಿದ್ದ ನುಗ್ಗೆಮರದ ಬುಡದಲ್ಲಿ, ಯಂತ್ರ ಬುಸುಗುಟ್ಟಿತು. ಬೆರಗಿನಿಂದ ನೋಡುತ್ತಿದ್ದ ಆ ಮನೆಯ ಸೊಸೆಗೆ ಹೆಡ್‌ಫೋನ್ ಕೊಟ್ಟೆ.

“ಯವ್ವಾ, ಹಾವೈತ್ರಿ!”

“ಹಾವಲ್ಲಮ್ಮ, ಪೈಪು ಒಡೆದು ನೀರು ಸೋರ್ತಿದೆ.”

ಆಕೆ ಮರ ನೋಡಿದಳು, ಜಗಲಿ ಮೇಲಿದ್ದ ಅತ್ತೆಯನ್ನು ನೋಡಿದಳು, ಸೆರಗು ಬಾಯಿಗಿಟ್ಟು ನಗತೊಡಗಿದಳು. “ಇಂಥಾ ಬರದಾಗೂ ಹಿಂಗೆ ಕಾಯಿ ಬಿಡೋದು ತನ್ನ ಕೈಗುಣ ಅಂತ ಬೀದಿಗೆಲ್ಲಾ ಹೇಳ್ಕೊಂಡು ತಿರುಗ್ತಾರ್ರಿ ನಮ್ಮತ್ತೆ!”

ಅತ್ತೆ ಎದ್ದು ಬಂದರು. “ಕೊಡಪ್ಪ ಇಲ್ಲಿ.” ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ತುಂಬ ಹೊತ್ತು ಆಲಿಸಿದರು. “ಏನೂ ಕೇಳ್ಸಲ್ಲ. ನಿನ್ ಮಿಷಿನ್ ಕೆಟ್ಟೈತೆ.”

ಸೊಸೆಯ ನಗು ನಿಲ್ಲಲೇ ಇಲ್ಲ. ಕಡೆಗೆ ಅತ್ತೆಯೂ ತಡೆಯಲಾಗದೆ ನಕ್ಕುಬಿಟ್ಟರು. “ಆಮೇಲೆ ಅಗೀವಂತೆ, ಮೊದ್ಲು ಉಣ್ಣು ಬಾ.”

ಹೀಗೆ ಸೋರಿಹೋಗುವುದನ್ನು ನಮ್ಮ ವರದಿಗಳಲ್ಲಿ ‘ಲೆಕ್ಕಕ್ಕೆ ಸಿಗದ ನೀರು’ ಎನ್ನುತ್ತೇವೆ. ಅಂದು ಮಧ್ಯಾಹ್ನ ಅದು ನನ್ನ ತಟ್ಟೆಯಲ್ಲಿ, ಮುದ್ದೆಯ ಪಕ್ಕ, ನುಗ್ಗೆಕಾಯಿ ಸಾರಾಗಿ ಸಿಕ್ಕಿತು.